ಎರಡೂವರೆ ಅಡಿಯ ಅಡುಗೆಕಟ್ಟೆ

ಜನವರಿ 12

ತಮ್ಮಾ,

ನಿನ್ನ ಕಾರ್ಡು ಇವತ್ತು ಆಫೀಸಿನ ವಿಳಾಸಕ್ಕೆ ಬಂತು. ಓದಿದವಳೇ ಕುರ್ಚಿಯಲ್ಲಿ ಕುಸಿದುಬಿಟ್ಟೆ. ಪಕ್ಕದ ಮೇಜಿನವರು ಏನೋ ಕೆಟ್ಟ ಸುದ್ದಿಯೆಂದು ಓಡಿಹೋಗಿ ನೀರು ತಂದರು. "ಅಪ್ಪ ಹಳೇ ಮನೆ, ಮರಗೆಲಸದ ಶೆಡ್ಡು ಎರಡನ್ನೂ ಕೆಡವಿ ಎರಡು ಸಂಸಾರಕ್ಕಾಗುವ ಹಾಗೆ ಒಂದು ಮನೆ ಕಟ್ಟಿಸುತ್ತಾರಂತೆ. ನಕ್ಷೆ ನೀನೇ ಬರೆಯಬೇಕಂತೆ." ಇಂಥ ಸುದ್ದಿಯನ್ನು ಎರಡು ಸಾಲಿನಲ್ಲಿ ಮುಗಿಸಿ, ಉಳಿದ ಜಾಗದಲ್ಲೆಲ್ಲ ನಿನ್ನ ಬೀಗದಂಗಡಿಯ ಬೆಕ್ಕು ಮರಿ ಹಾಕಿದ ಕಥೆ ಬರೆದಿದ್ದೀಯಲ್ಲ, ನಿನ್ನ ತಲೆಗೇ ಯಾರಾದರೂ ಬೀಗ ಜಡಿದಿದ್ದಾರಾ?

ಹತ್ತೊಂಬತ್ತು ವರ್ಷದಿಂದ ಕಂಡವರ ಮನೆಗಳ ನಕ್ಷೆ ಬರೆದಿದ್ದೇನೆ. ಡಾಕ್ಟರ ಮನೆ, ವಕೀಲರ ಮನೆ, ನಾಯಿಗೊಂದು ಪ್ರತ್ಯೇಕ ಬಚ್ಚಲು ಬೇಕೆಂದವರ ಮನೆ. ನಾನಿರುವುದು ಮಾತ್ರ ಎಂಟನೆಯ ಬಾಡಿಗೆ ಮನೆಯಲ್ಲಿ, ಎರಡನೇ ಮಹಡಿಯಲ್ಲಿ. ನಮ್ಮ ಅತ್ತೆ ಮಂಡಿ ಹಿಡಿದುಕೊಂಡು ವಾರಕ್ಕೊಮ್ಮೆ ಕೆಳಗಿಳಿದರೆ ಅದೇ ದೊಡ್ಡದು. ಅಪ್ಪ ನನಗಾಗಿ ಅರ್ಧ ಮನೆ ಎತ್ತಿಡುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ನಾನು ಮದುವೆಯಾಗಿ ಹೊರಟ ದಿನ ಒಂದು ಮಾತನ್ನೂ ಆಡದೆ ನನ್ನ ಪೆಟ್ಟಿಗೆಯ ಕೀಲಿಗೆ ಎಣ್ಣೆ ಬಿಡುತ್ತಾ ಕೂತಿದ್ದ ಮನುಷ್ಯ ಅವರು. ನಿನ್ನ ಭಾವನಿಗೆ ಹೇಳಿದರೆ ಅವರೂ ನಂಬಲಿಲ್ಲ. ಕಾರ್ಡನ್ನು ಕಿತ್ತುಕೊಂಡು ತಾವೇ ಓದಿ ನೋಡಿದರು.

ಫೋನಿನಲ್ಲಿ ಕೇಳೋಣವೆಂದರೆ ಅಪ್ಪನ ಬಾಯಿಂದ "ಹೂಂ", "ಊಹೂಂ" ಬಿಟ್ಟು ಮೂರನೆಯದು ಬರುವುದಿಲ್ಲ. ನೀನು ಎದುರಿಗೆ ಕೂತು ಬರೆದುಕೋ. ಎಷ್ಟು ಕೋಣೆ, ಮಹಡಿ ಬೇಕೋ ಬೇಡವೋ, ಎರಡು ಮನೆಗಳ ನಡುವೆ ಗೋಡೆಯೋ ಬಾಗಿಲೋ, ಬಾಗಿಲಾದರೆ ಚಿಲಕ ಯಾವ ಕಡೆ. ಕೊನೆಯದು ನಿನ್ನ ಕಸುಬಿನ ಪ್ರಶ್ನೆ, ಅದಕ್ಕೆ ನೀನೇ ಉತ್ತರ ಕೊಟ್ಟರೂ ಆಗುತ್ತದೆ.

ನಿನ್ನ ಅಕ್ಕ


ಜನವರಿ 24

ಅಕ್ಕಾ,

ಅಪ್ಪನ ಎದುರು ಕಾಗದ ಪೆನ್ನು ಹಿಡಿದು ಕೂತೆ. ಅವರು ಕಿವಿಯ ಮೇಲಿನ ಪೆನ್ಸಿಲು ತೆಗೆದು, ಮಡಿಸುವ ಅಡಿಕೋಲು ಬಿಚ್ಚಿ, ಖಾಲಿ ಜಾಗದಲ್ಲಿ ಅಳತೆ ಹಿಡಿದು ತೋರಿಸುತ್ತಾ ಹೇಳಿದರು. ನನ್ನ ಜನ್ಮದಲ್ಲಿ ಅವರು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಕೇಳಿಲ್ಲ. ನಾನೇ ದಂಗಾದೆ.

ಜಾಗ ನಿನಗೆ ಗೊತ್ತೇ ಇದೆ, ನಲವತ್ತಡಿ ಅಗಲ, ಅರವತ್ತಡಿ ಉದ್ದ. "ಮಹಡಿ ಬೇಡ. ಹಳೇ ಬಾವಿ ಮುಚ್ಚಿದ ಜಾಗ ಅದು, ಮೇಲಿಂದ ಭಾರ ತಡೆಯಲ್ಲ" ಅಂದರು. ಎಡಕ್ಕೊಂದು ಸಂಸಾರ, ಬಲಕ್ಕೊಂದು ಸಂಸಾರ, ನಡುವೆ ಅಪ್ಪ ಅಮ್ಮನ ಕೋಣೆ. ಆ ಕೋಣೆಗೆ ಎರಡೂ ಕಡೆ ಬಾಗಿಲು. ಚಿಲಕ ಯಾವ ಕಡೆ ಅಂತ ಕೇಳಿದರೆ "ನಿಮ್ಮಮ್ಮನ್ನ ಕೇಳು" ಅಂದರು. ಅಮ್ಮನನ್ನು ಕೇಳಿದರೆ "ಅಳತೆ ಎಲ್ಲ ನಿಮ್ಮಪ್ಪನ್ನ ಕೇಳು" ಎಂದು ಎದ್ದು ಒಳಗೆ ಹೋದಳು. ಮನೆಯ ಮಾತು ತೆಗೆದಾಗಲೆಲ್ಲ ಹೀಗೇ ಮಾಡುತ್ತಾಳೆ. ಡಿಸೆಂಬರಿನಲ್ಲಿ ಅಪ್ಪ ಅವಳನ್ನು ಯಾವುದೋ ಊರಿನ ಕಣ್ಣಿನ ಡಾಕ್ಟರ ಹತ್ತಿರ ಎರಡು ದಿನ ಕರೆದುಕೊಂಡು ಹೋಗಿಬಂದರಲ್ಲ, ಆಮೇಲಿಂದ ಕಣ್ಣು ಮೊದಲಿಗಿಂತ ಹೆಚ್ಚು ಕೆಂಪಗಿದೆ. ಎಂಥ ಡಾಕ್ಟರೋ ಏನೋ.

ಎಡಭಾಗಕ್ಕೆ ಈಗಿನ ಮನೆಯ ಅಳತೆಯೇ ಸಾಕಂತೆ. ಬಲಭಾಗಕ್ಕೆ ಹೀಗೆ ಹೇಳಿದರು: ಎಲ್ಲೂ ಹೊಸ್ತಿಲು ಇರಕೂಡದು. ಬಾಗಿಲುಗಳು ಮೂರೂವರೆ ಅಡಿ ಅಗಲ. ಬಚ್ಚಲಲ್ಲಿ ಹಿಡಿದುಕೊಳ್ಳಲು ಎರಡೂ ಗೋಡೆಗೆ ಸರಳು. ಎರಡು ಮಲಗುವ ಕೋಣೆ, ಒಂದು ಚಿಕ್ಕದಾದರೂ ನಡೆಯುತ್ತದೆ, ಹುಡುಗಿಗೆ. ಹಜಾರದಲ್ಲಿ ಉತ್ತರದ ಕಿಟಕಿಯ ಕೆಳಗೆ ಎಂಟಡಿ ಉದ್ದದ ಮೇಜು ಹಿಡಿಯಬೇಕು, "ಬೆಳಕು ಎಡಗಡೆಯಿಂದ ಬೀಳ್ಬೇಕು" ಅಂತ ಎರಡು ಸಲ ಹೇಳಿದರು. ಅಡುಗೆಕಟ್ಟೆ ಎರಡೂ ಮನೆಯಲ್ಲಿ ಎರಡೂವರೆ ಅಡಿ ಎತ್ತರ.

ಇಷ್ಟೇ. ಬೆಕ್ಕಿನ ಮರಿಗಳು ಕಣ್ಣು ಬಿಟ್ಟಿವೆ, ಕೇಳದಿದ್ದರೂ ಹೇಳುತ್ತೇನೆ.

ತಮ್ಮ


ಫೆಬ್ರವರಿ 3

ತಮ್ಮಾ,

ನಿನ್ನ ಕಾಗದ ಓದಿ ಅತ್ತುಬಿಟ್ಟೆ. ಹೊಸ್ತಿಲು ಬೇಡ, ಬಚ್ಚಲಲ್ಲಿ ಸರಳು! ನಮ್ಮ ಅತ್ತೆಯ ಮಂಡಿಯ ಸಂಗತಿಯನ್ನು ಅಪ್ಪನಿಗೆ ನಾನು ಯಾವತ್ತೋ ಒಂದು ಸಲ ಹೇಳಿರಬೇಕು. ಚಿಕ್ಕ ಕೋಣೆ ನನ್ನ ಮಗಳಿಗೆ. ಎಂಟಡಿ ಮೇಜು, ಎಡಗಡೆಯಿಂದ ಬೆಳಕು, ಅದು ನನ್ನ ನಕ್ಷೆಯ ಹಲಗೆಗೆ ಎಂದು ಯಾರು ಬೇಕಾದರೂ ಹೇಳಬಹುದು. ಎಲ್ಲವನ್ನೂ ನೆನಪಿಟ್ಟುಕೊಂಡಿದ್ದಾರೆ. ನಾನು ಇಷ್ಟು ವರ್ಷ ಆ ಮನುಷ್ಯನನ್ನು ಮರದ ತುಂಡು ಅಂದುಕೊಂಡಿದ್ದೆ. ಅತ್ತೆಗೆ ಓದಿ ಹೇಳಿದೆ. ಅವರು ಸೆರಗಿನಿಂದ ಮೂಗು ಒರೆಸಿಕೊಂಡರು.

ಒಂದೇ ಒಂದು ಎಡವಟ್ಟು. ಅಡುಗೆಕಟ್ಟೆ ಎರಡೂವರೆ ಅಡಿ ಯಾಕೆ? ಅದು ಅಮ್ಮನ ಅಳತೆ. ಅಮ್ಮ ನಾಲ್ಕಡಿ ಹತ್ತಂಗುಲ, ನಾನು ಐದಡಿ ಎಂಟಂಗುಲ. ಮದುವೆಗೆ ಮುಂಚೆ ಅಮ್ಮನ ಕಟ್ಟೆಯ ಮುಂದೆ ಬಗ್ಗಿ ಬಗ್ಗಿ ನನ್ನ ಸೊಂಟ ಬಿದ್ದುಹೋದದ್ದು ಅಪ್ಪನಿಗೆ ಗೊತ್ತಿಲ್ಲವೇ? ನನಗೆ ಮೂರಡಿ ಬೇಕು. ಕಣ್ಣಳತೆಯಲ್ಲೇ ಕಾಲಂಗುಲ ಹಿಡಿಯುವ ಮನುಷ್ಯ ತಪ್ಪಿದ್ದು ಇದೇ ಮೊದಲು. ವಯಸ್ಸಾಯಿತು, ಪಾಪ. ನಾನೇ ತಿದ್ದಿದ್ದೇನೆ.

ಅಳತೆ ಎಂದಾಗ ನೆನಪಾಯಿತು. ಅಪ್ಪ ವರ್ಷಕ್ಕೊಮ್ಮೆ "ಮರ ನೋಡ್ಕೊಂಡು ಬರ್ತೀನಿ" ಎಂದು ಎರಡು ದಿನ ಹೋಗಿ, ಕಂಕುಳಲ್ಲಿ ಒಂದೇ ಒಂದು ತೆಳ್ಳನೆಯ ಮರದ ಪಟ್ಟಿ ಇಟ್ಟುಕೊಂಡು ಬರುತ್ತಿದ್ದರಲ್ಲ? ಎರಡು ದಿನ ಸುತ್ತಿ ಒಂದು ಪಟ್ಟಿ ತಂದ ವ್ಯಾಪಾರಿ ಎಂದು ನಾವು ನಗುತ್ತಿದ್ದೆವು. ಅಮ್ಮ ಮಾತ್ರ ಆ ದಿನ ನಮ್ಮನ್ನು ಗದರುತ್ತಿದ್ದಳು. ಈಗಲೂ ಹೋಗುತ್ತಾರಾ?

ಮೊದಲ ನಕ್ಷೆ ಇದರೊಂದಿಗಿದೆ. ಎಡಭಾಗದ ಮೇಲೆ "ತಮ್ಮನ ಮನೆ", ಬಲಭಾಗದ ಮೇಲೆ "ಅಕ್ಕನ ಮನೆ" ಎಂದು ನನ್ನ ಅತಿ ಚೆಂದದ ಅಕ್ಷರದಲ್ಲಿ ಬರೆದಿದ್ದೇನೆ. ನಗಬೇಡ. ಪಾಯ ಯಾವಾಗ ತೆಗೆಸುತ್ತಾರೆ, ಕೇಳಿ ಬರೆ.

ನಿನ್ನ ಅಕ್ಕ


ಫೆಬ್ರವರಿ 19

ಅಕ್ಕಾ,

ನಿನ್ನ ನಕ್ಷೆ ನಮ್ಮ ಮನೆಯಲ್ಲಿ ಏನು ಮಾಡಿತು ಎಂದು ಹೇಗೆ ಬರೆಯಲಿ, ನನಗೇ ಅರ್ಥವಾಗಿಲ್ಲ.

ಊಟದ ಮೇಜಿನ ಮೇಲೆ ಹರಡಿದೆ. ಅಪ್ಪ ಕನ್ನಡಕ ಹಾಕಿಕೊಂಡು ಎಡದಿಂದ ನೋಡುತ್ತಾ ಬಂದರು. ಬಲಭಾಗಕ್ಕೆ ಬಂದವರು "ಅಕ್ಕನ ಮನೆ" ಎಂಬಲ್ಲಿ ಬೆರಳಿಟ್ಟು ನಿಂತುಬಿಟ್ಟರು. ಮುಖ ಬಿಳಿಚಿತು. "ಅವಳಿಗೆ ಯಾರು ಹೇಳಿದ್ರು?" ಅಂದರು.

"ಯಾರು ಏನು ಹೇಳ್ಬೇಕಪ್ಪಾ? ಅವಳ ಮನೆ, ಅವಳು ಬರ್ದಿದ್ದಾಳೆ" ಅಂದೆ.

ಅಮ್ಮ ಅಡುಗೆಮನೆಯಿಂದ ಬಂದು ಅವರ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಆ ಎರಡು ಪದಗಳನ್ನು ನೋಡಿ ಕೈಯಲ್ಲಿದ್ದ ಲೋಟ ಬಿಟ್ಟಳು. ಗಾಜು ಗುಡಿಸುತ್ತಾ ಅಳುತ್ತಿದ್ದಳು. "ಲೋಟ ಹೋದ್ರೆ ಹೋಗ್ಲಿ ಬಿಡಿ ಅತ್ತೆ" ಎಂದು ನಿನ್ನ ನಾದಿನಿ ಅಂದರೆ ಇನ್ನೂ ಜೋರಾಗಿ ಅತ್ತಳು. ಅಪ್ಪ "ಸರಿಯಾಗೇ ಬರ್ದಿದ್ದಾಳೆ. ಅದನ್ನ ಅಳಿಸ್ಬೇಡ" ಅಂದರು. ಆಮೇಲೆ ರಬ್ಬರು ತೆಗೆದುಕೊಂಡು ನಿನ್ನ ಮೂರಡಿಯನ್ನು ಉಜ್ಜಿಹಾಕಿ ಮತ್ತೆ ಎರಡೂವರೆ ಮಾಡಿದರು. ಅವಳು ಉದ್ದ ಇದ್ದಾಳಲ್ಲಪ್ಪಾ ಎಂದೆ. "ಗೊತ್ತು" ಅಂದರು. ಅಷ್ಟೇ.

ಪಾಯದ ಬಗ್ಗೆ ಕೇಳಿದೆ. ಮುಂದಿನ ತಿಂಗಳು ಶೆಡ್ಡು ಖಾಲಿ ಮಾಡಿಸುವ ಕೆಲಸ ನನ್ನದಂತೆ.

ತಮ್ಮ


ಮಾರ್ಚ್ 1

ತಮ್ಮಾ,

ಗೊತ್ತಂತೆ! ಗೊತ್ತಿದ್ದೂ ಎರಡೂವರೆಯಂತೆ! ನಾನು ಉದ್ದ ಬೆಳೆದದ್ದಕ್ಕೆ ಈ ವಯಸ್ಸಿನಲ್ಲಿ ಶಿಕ್ಷೆಯೇ? ಹಾಗಾದರೆ ನನ್ನ ಮನೆಯ ಅಡುಗೆ ಅಪ್ಪನೇ ಬಂದು ಮಾಡಲಿ, ಅವರೂ ಆರಡಿ, ಆಗ ಗೊತ್ತಾಗುತ್ತದೆ.

ತಮಾಷೆ ಇರಲಿ. ಅಮ್ಮ ಯಾಕೆ ಅತ್ತಳು? ನಾನು ಬರುವುದು ಅವಳಿಗೆ ಇಷ್ಟವಿಲ್ಲವೇ? ನನ್ನ ಅತ್ತೆಯೂ ಜೊತೆಗೆ ಬರುತ್ತಾರೆಂದು ಸಂಕೋಚವೇ? ನೀನು ಏನನ್ನಾದರೂ ಮುಚ್ಚಿಡುತ್ತಿದ್ದರೆ ಈಗಲೇ ಹೇಳು. ಪಾಯ ಯಾವ ತಾರೀಕಿಗೆ ಎಂದು ಖಚಿತವಾಗಿ ಬರೆ. ನನಗೆ ಅದು ತಿಳಿಯಬೇಕು. ಯಾಕೆಂದು ಕೇಳಬೇಡ.

ಅಕ್ಕ


ಮಾರ್ಚ್ 27

ಅಕ್ಕಾ,

ನಾಲ್ಕು ವಾರದಿಂದ ಉತ್ತರ ಬರೆಯದಿದ್ದುದಕ್ಕೆ ಕಾರಣವಿದೆ. ಈ ಕಾಗದವನ್ನು ಐದು ಸಲ ಬರೆದು ಹರಿದೆ. ಕೂತುಕೊಂಡು ಓದು.

ಶೆಡ್ಡಿನ ಅಟ್ಟ ಖಾಲಿ ಮಾಡುವಾಗ ಹಳೆಯ ಗೋಣಿಚೀಲದಲ್ಲಿ ಸುತ್ತಿದ ಒಂದು ಕಟ್ಟು ಸಿಕ್ಕಿತು. ನೀನು ಬರೆದಿದ್ದೆಯಲ್ಲ, ಅವೇ ಪಟ್ಟಿಗಳು. ಒಟ್ಟು ಹದಿನಾರು. ಒಂದೊಂದರ ತುದಿಯಲ್ಲೂ ಅಪ್ಪನ ಪೆನ್ಸಿಲಿನಲ್ಲಿ ಒಂದು ಅಂಕೆ: 3, 4, 5, ಹೀಗೆ 18ರವರೆಗೆ. ಕೆಲಸದ ನಂಬರು ಇರಬೇಕು ಅಂದುಕೊಂಡೆ. ಸುಮ್ಮನೆ ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸಿದೆ. ಮೆಟ್ಟಿಲಿನ ಹಾಗೆ ಏರುತ್ತಾ ಹೋದವು. ಮೂರು ಅಡಿಗೂ ಕಡಿಮೆಯಿಂದ ಶುರುವಾಗಿ ನಾಲ್ಕಡಿ ಹತ್ತಂಗುಲಕ್ಕೆ ಬಂದು, 17 ಮತ್ತು 18 ಒಂದೇ ಉದ್ದ. ಅದು ಮರದ ಅಳತೆಯಲ್ಲ ಅಕ್ಕಾ. ಬೆಳೆದು ನಿಂತ ಒಂದು ಮಗುವಿನ ಅಳತೆ.

ನಮ್ಮದಲ್ಲ. ನಮ್ಮಿಬ್ಬರ ಎತ್ತರ ಪಡಸಾಲೆಯ ಬಾಗಿಲ ಚೌಕಟ್ಟಿನ ಮೇಲೆ ಗೀಟು ಗೀಟಾಗಿ ಇದೆ. ಹದಿನೆಂಟಕ್ಕೆ ನೀನು ಈ ಪಟ್ಟಿಗಿಂತ ಒಂದು ಗೇಣು ಎತ್ತರ ಇದ್ದೆ.

ಅಪ್ಪ ಬಂದರು. ಕಟ್ಟು ಬಿಚ್ಚಿದ್ದನ್ನು ನೋಡಿ ಬಾಗಿಲಲ್ಲೇ ನಿಂತರು. "ಯಾರದಪ್ಪಾ ಇದು?" ಅಂದೆ.

"ಬಲಗಡೆ ಮನೇಲಿರೋಳದು" ಅಂದರು.

ವರ್ಷಕ್ಕೊಮ್ಮೆ ಎರಡು ದಿನ. ಮರ ನೋಡಲು. ಎರಡು ಸಂಸಾರಕ್ಕೆ ಮನೆ. ಎರಡು ಸಂಸಾರ ಎಂದರೆ ನೀನು ಮತ್ತು ನಾನು ಎಂದು ಅಪ್ಪ ಒಂದು ದಿನವೂ ಹೇಳಿರಲಿಲ್ಲ. ಹಾಗೆಂದುಕೊಂಡದ್ದು ನಾವು. ಜನ ಒಬ್ಬ ಗಂಡಸಿನ ಬಗ್ಗೆ ಪಿಸುಪಿಸು ಮಾತಾಡುವಾಗ "ಅವನಿಗೆ ಎರಡು ಸಂಸಾರ" ಎನ್ನುತ್ತಾರಲ್ಲ, ಆ ಅರ್ಥ ನನಗೆ ಆಗ ಹೊಳೆಯಿತು. ನೇರವಾಗಿ ಕೇಳಿದೆ: "ಇನ್ನೊಂದು ಸಂಸಾರ ಇದೆಯಾ?"

"ಇದೆ" ಅಂದು ಹೊರಗೆ ಹೋದರು.

ಇದೆಲ್ಲ ನಡೆದು ಎರಡು ವಾರವಾಯಿತು. ನಾನು ಅವರೊಂದಿಗೆ ಮಾತಾಡುತ್ತಿಲ್ಲ. ನೀನು ನಿನ್ನ ಅತ್ತೆಗೆ ಓದಿ ಹೇಳಿದ್ದನ್ನು, ಮೇಜಿಗೆ ಕಿಟಕಿ ಇಟ್ಟದ್ದನ್ನು ನೆನೆದು ನಿನಗೆ ಬರೆಯಲು ಧೈರ್ಯ ಬರಲಿಲ್ಲ. ಕ್ಷಮಿಸು.

ತಮ್ಮ


ಏಪ್ರಿಲ್ 2

ತಮ್ಮಾ,

ಒಂದು ತಿಂಗಳು. ಆ ಒಂದು ತಿಂಗಳಲ್ಲಿ ನಾನೇನು ಮಾಡಿದ್ದೇನೆ ಗೊತ್ತಾ? ಮನೆಯ ಮಾಲೀಕರಿಗೆ ಮೇ ಕೊನೆಗೆ ಖಾಲಿ ಮಾಡುತ್ತೇವೆಂದು ಬರೆದುಕೊಟ್ಟಿದ್ದೇನೆ. ಅವರು ಬೇರೆಯವರಿಗೆ ಮಾತು ಕೊಟ್ಟಾಗಿದೆ. ಆಫೀಸಿನಲ್ಲಿ ನನ್ನ ಜಾಗಕ್ಕೆ ಯಾರನ್ನಾದರೂ ನೋಡಿಕೊಳ್ಳಿ ಎಂದಿದ್ದೇನೆ. ಭಾವ ವರ್ಗಾವಣೆಗೆ ಅರ್ಜಿ ಹಾಕಿದ್ದಾರೆ. ನಿನಗೆ ಹೇಳಲಿಲ್ಲ, ಯಾಕೆಂದರೆ ಪಾಯ ತೆಗೆಯುವ ದಿನ ಸಾಮಾನಿನ ಸಮೇತ ಬಂದಿಳಿದು ಅಪ್ಪನನ್ನು ಬೆಚ್ಚಿಬೀಳಿಸಬೇಕು ಎಂದಿದ್ದೆ. ಬೆಚ್ಚಿಬಿದ್ದದ್ದು ಯಾರು ನೋಡು.

ಆಕೆಗೆ ಹೊಸ್ತಿಲಿಲ್ಲದ ಮನೆ. ಆಕೆಗೆ ಉತ್ತರದ ಬೆಳಕು. ಆಕೆಯ ಎತ್ತರಕ್ಕೆ ಅಡುಗೆಕಟ್ಟೆ. ಅಪ್ಪನ ಅಳತೆ ತಪ್ಪಿತು ಎಂದು ಕನಿಕರ ಪಟ್ಟೆನಲ್ಲ, ತಪ್ಪಿಯೇ ಇರಲಿಲ್ಲ. ತಪ್ಪಿದ್ದು ನಾನು. ಇನ್ನೊಬ್ಬಳಿಗೆ ಹೊಲಿದ ರವಿಕೆಯನ್ನು ತೊಟ್ಟು ಕನ್ನಡಿಯ ಮುಂದೆ ಕುಣಿದ ಹಾಗಾಯಿತು ನನ್ನ ಪಾಡು. ಮತ್ತೆ ಅದನ್ನು ಬರೆಸಿದ್ದು ನನ್ನ ಕೈಯಿಂದಲೇ! ಅಮ್ಮ ಮಲಗುವ ಕೋಣೆಯ ಆ ಕಡೆ ಬಾಗಿಲ ಹಿಂದೆ ಆ ಹೆಂಗಸಿನ ಮಗಳನ್ನು ಕೂರಿಸುವುದಕ್ಕೆ ನನ್ನ ಪೆನ್ಸಿಲೇ ಬೇಕಾಯಿತೇ?

ಅಪ್ಪನಿಗೆ ಇದನ್ನು ಓದಿ ಹೇಳು: ನಿಮ್ಮ ಎರಡನೇ ಸಂಸಾರಕ್ಕೆ ನಾನು ಒಂದು ಗೀಟನ್ನೂ ಎಳೆಯುವುದಿಲ್ಲ. ನಿಮ್ಮನ್ನು ಅಪ್ಪ ಎಂದು ಕರೆಯಲು ನಾಚಿಕೆಯಾಗುತ್ತದೆ.

ಅಮ್ಮನಿಗೆ ಮಾತ್ರ ತಿಳಿಯಬಾರದು. ಅವಳು ತಡೆದುಕೊಳ್ಳಲಾರಳು.

ಅಕ್ಕ


ಏಪ್ರಿಲ್ 11

ಅಕ್ಕಾ,

ನಿನ್ನ ಕಾಗದವನ್ನು ಮೊದಲು ಓದಿದ್ದು ಅಮ್ಮ. ನಾನು ಅಂಗಡಿಯಲ್ಲಿದ್ದೆ. ಅಂಚೆಯವರು ಅವಳ ಕೈಗೆ ಕೊಟ್ಟಿದ್ದಾರೆ. ನಾನು ಮನೆಗೆ ಬಂದಾಗ ಕಾಗದ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಅಮ್ಮ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಏನಾದರೂ ಸುಳ್ಳು ಹೇಳೋಣವೆಂದು ಬಾಯಿ ತೆರೆದೆ.

"ಎರಡು ಸಂಸಾರ ನಿಮ್ಮಪ್ಪಂದಲ್ಲ" ಅಂದಳು. "ನಂದು."

ಅಕ್ಕಾ, ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

ಅಮ್ಮನಿಗೆ ಹದಿನಾರಕ್ಕೆ ಮದುವೆಯಾಗಿತ್ತು. ಅಪ್ಪನ ಜೊತೆ ಅಲ್ಲ. ಒಂದು ಹೆಣ್ಣು ಮಗು ಹುಟ್ಟಿತು. ಮಗುವಿಗೆ ಎರಡು ವರ್ಷ ತುಂಬುವಾಗ ಆ ಗಂಡ ಜ್ವರದಲ್ಲಿ ತೀರಿಕೊಂಡ. ಅವನ ತಾಯಿ ಮಗುವನ್ನು ಇಟ್ಟುಕೊಂಡು ಇವಳನ್ನು ಹೊರಗೆ ಹಾಕಿದಳು. "ನೀನು ಈ ಬೀದೀಲಿ ಕಾಣಿಸ್ಕೊಂಡ್ರೆ ಮಗೂನ ಎಲ್ಲಿಗೆ ಕಳಿಸ್ತೀನೋ ನಿಂಗೂ ಗೊತ್ತಾಗಲ್ಲ" ಅಂದಳಂತೆ. ಮರುವರ್ಷ ಅಪ್ಪ ಮದುವೆಯ ಮಾತೆತ್ತಿದಾಗ ಅಮ್ಮ ಎಲ್ಲವನ್ನೂ ಹೇಳಿದಳು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆಯಂತೆ: "ಮಗು ಎಷ್ಟೆತ್ತರ ಇದೆ?" ಅಮ್ಮನಿಗೆ ಹೇಳಲಾಗಲಿಲ್ಲ. ನೋಡಿ ವರ್ಷದ ಮೇಲಾಗಿತ್ತು.

ಅಪ್ಪ ಆ ಊರಿಗೆ ಹೋದರು. ಆ ಮನೆಯ ಬಾಗಿಲು ಕಿಟಕಿ ರಿಪೇರಿ ಮಾಡಿಕೊಡುತ್ತೇನೆಂದು ಒಳಗೆ ಹೊಕ್ಕರು. ಮಗುವನ್ನು ಗೋಡೆಗೆ ನಿಲ್ಲಿಸಿ "ನಿಂಗೊಂದು ಮೇಜು ಮಾಡ್ಬೇಕು, ನೆಟ್ಟಗೆ ನಿಲ್ಲು ಪುಟ್ಟಾ" ಎಂದು ತಲೆಯ ಮಟ್ಟಕ್ಕೆ ಒಂದು ಪಟ್ಟಿ ಕತ್ತರಿಸಿಕೊಂಡರು. ಅದನ್ನು ತಂದು ಅಮ್ಮನ ಕೈಗೆ ಕೊಟ್ಟರು. ಹದಿನಾರು ವರ್ಷ ಹೀಗೆ. ಆ ಮನೆಯವರಿಗೆ ಅವರು ವರ್ಷಕ್ಕೊಮ್ಮೆ ಬರುವ ಬಡಗಿ, ಅಷ್ಟೇ. ಆಕೆಯ ಬೆಳವಣಿಗೆ ನಿಂತ ಮೇಲೆ ಪಟ್ಟಿ ತರುವುದು ನಿಂತಿತು, ಹೋಗಿಬರುವುದು ನಿಲ್ಲಲಿಲ್ಲ.

"ಪಟ್ಟೀನ ನೆಲಕ್ಕೆ ನಿಲ್ಲಿಸ್ತಿದ್ದೆ" ಅಂದಳು ಅಮ್ಮ. "ಅದರ ತುದಿ ಎಲ್ಲಿಗೆ ಬರುತ್ತೋ ಅಲ್ಲಿ ಕೈ ಆಡಿಸ್ತಿದ್ದೆ. ಈ ವರ್ಷ ನನ್ನ ಮಗಳ ತಲೆ ಇಲ್ಲಿಗೆ ಬಂತು ಅಂತ."

ನಾನು ಅವಳ ಪಕ್ಕ ನೆಲದ ಮೇಲೆ ಕೂತೆ.

ಮಗುವನ್ನು ಇಟ್ಟುಕೊಂಡಿದ್ದ ಆ ಅಜ್ಜಿ ಕಳೆದ ವರ್ಷ ಸತ್ತಳು. "ನಿನ್ನ ತಾಯಿ ಬಿಟ್ಟು ಓಡಿಹೋದಳು" ಎಂದೇ ಆ ಮಗಳನ್ನು ಬೆಳೆಸಿದ್ದರು. ಅಪ್ಪ ಹೋಗಿ ನಿಜ ಹೇಳಿದರು. ಡಿಸೆಂಬರಿನಲ್ಲಿ ಹೋದದ್ದು ಕಣ್ಣಿನ ಡಾಕ್ಟರ ಹತ್ತಿರವಲ್ಲ. ನಲವತ್ತೈದು ವರ್ಷದ ಮೇಲೆ ಅಮ್ಮ ಮಗಳನ್ನು ನೋಡಿದಳು. ಅಮ್ಮನಷ್ಟೇ ಎತ್ತರವಂತೆ, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಟ್ಟೆ ಕತ್ತರಿಸಿ ಹೊಲಿಯುತ್ತಾಳೆ, ಆ ಎಂಟಡಿ ಮೇಜು ಅದಕ್ಕೆ. ಗಂಡನಿಗೆ ಕಾರ್ಖಾನೆಯಲ್ಲಿ ಕಾಲು ಹೋಗಿದೆ, ಊರುಗೋಲಿನ ಮೇಲೆ ನಡೆಯುತ್ತಾನೆ. ಒಬ್ಬಳೇ ಮಗಳು. ಅಜ್ಜಿಯ ಮನೆಯನ್ನು ಆ ಕಡೆಯ ಚಿಕ್ಕಪ್ಪಂದಿರು ಖಾಲಿ ಮಾಡಿಸುತ್ತಿದ್ದಾರೆ. ಅವರಿಗೆ ಹೋಗಲು ಬೇರೆ ಜಾಗವಿಲ್ಲ.

ಮಕ್ಕಳಿಗೆ ಹೇಳಬೇಡಿ ಎಂದು ಅಮ್ಮ ಅಪ್ಪನಿಂದ ಮಾತು ತೆಗೆದುಕೊಂಡಿದ್ದಳಂತೆ. ನಾವು ಅವಳನ್ನು ಮಗು ಬಿಟ್ಟುಬಂದವಳು ಎಂದುಕೊಂಡೇವೆಂದು ಹೆದರಿಕೆ. ನಕ್ಷೆಯಲ್ಲಿ "ಅಕ್ಕನ ಮನೆ" ಎಂದು ನೋಡಿದಾಗ ನಿನಗೆ ಹೇಗೋ ಗೊತ್ತಾಗಿದೆ, ಗೊತ್ತಾಗಿಯೂ ಆಕೆಯನ್ನು ಅಕ್ಕ ಎಂದಿದ್ದೀಯೆಂದು ಅವಳು ಅತ್ತದ್ದು.

ಒಂದು ಸಂಗತಿ ನಿನಗೆ ಬರೆದಿರಲಿಲ್ಲ. ಶೆಡ್ಡಿನಲ್ಲಿ ಅಪ್ಪ "ಇದೆ" ಎಂದಾಗ ನಾನು ಬೆನ್ನ ಹಿಂದೆಯೇ ಹೋಗಿ, ನೀವು ಇನ್ನು ನಮ್ಮ ಜೊತೆ ಕೂತು ಊಟ ಮಾಡಬೇಡಿ ಎಂದಿದ್ದೆ. ಎಪ್ಪತ್ತು ವರ್ಷದ ಮನುಷ್ಯ ನಾಲ್ಕು ವಾರ ಶೆಡ್ಡಿನಲ್ಲಿ ಮರದ ಹೊಟ್ಟಿನ ಮಧ್ಯೆ ತಟ್ಟೆ ಇಟ್ಟುಕೊಂಡು ಉಂಡರು. ಶೆಡ್ಡು ಖಾಲಿ ಮಾಡುವ ಕೆಲಸವಿದೆ ಎಂದು ಅಮ್ಮನಿಗೆ ಹೇಳುತ್ತಿದ್ದರಂತೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಇವತ್ತು ಹೋಗಿ ಕಾಲು ಹಿಡಿದೆ. "ಪಟ್ಟಿಗಳನ್ನ ಒದ್ದೆ ಜಾಗದಲ್ಲಿ ಇಡ್ಬೇಡ, ಬಾಗುತ್ತೆ" ಅಂದರು.

ತಮ್ಮ


ಮೇ 4

ಅಕ್ಕಾ,

ಮೂರು ವಾರವಾದರೂ ನಿನ್ನ ಉತ್ತರವಿಲ್ಲ. ಅಪ್ಪ ದಿನವೂ ಹನ್ನೊಂದು ಗಂಟೆಗೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾರೆ. ನಿನ್ನ ಕಾಗದದಲ್ಲಿ ಅವರಿಗೆಂದು ಬರೆದ ಮಾತನ್ನು ನಾನು ಓದಿ ಹೇಳಿಲ್ಲ, ಆದರೆ ಅಮ್ಮ ಕಾಗದವನ್ನೇ ಅವರ ಕೈಗೆ ಕೊಟ್ಟಿದ್ದಾಳೆ. ಓದಿ ಮಡಿಸಿ ಜೇಬಿನಲ್ಲಿ ಇಟ್ಟುಕೊಂಡರು.

ನಿನಗೂ ಮನೆ ಬಿಟ್ಟುಹೋಗಿದೆಯೆಂದು ಗೊತ್ತಾದ ಮೇಲೆ ಅಮ್ಮ ಊಟ ಮಾಡುತ್ತಿಲ್ಲ. "ಒಬ್ಬಳನ್ನ ತರೋಕೆ ಹೋಗಿ ಇನ್ನೊಬ್ಬಳನ್ನ ಹೊರಗೆ ಹಾಕಿದೆ" ಅನ್ನುತ್ತಾಳೆ. ನನ್ನ ಭಾಗ ನೀನು ತೆಗೆದುಕೋ ಎಂದು ಬರೆಯೋಣವೆಂದು ನಿನ್ನ ನಾದಿನಿಯ ಜೊತೆ ಮಾತಾಡಿದೆ. ನನ್ನ ಅಂಗಡಿ ಇಲ್ಲಿ, ಮಕ್ಕಳ ಶಾಲೆ ಇಲ್ಲಿ. ಆದರೂ ನೀನು ಹೂಂ ಎಂದರೆ ಬಿಡುತ್ತೇನೆ.

ಹಳೇ ಮನೆ ಕೆಡವಲು ಶುರು ಮಾಡಿದ್ದೇವೆ. ಅಪ್ಪ ಮೊದಲು ಮಾಡಿದ ಕೆಲಸ ಯಾವುದು ಗೊತ್ತಾ? ಪಡಸಾಲೆಯ ಬಾಗಿಲ ಚೌಕಟ್ಟನ್ನು, ನಮ್ಮಿಬ್ಬರ ಗೀಟುಗಳಿರುವುದನ್ನು, ಒಂದು ಮೊಳೆಯೂ ಬಾಗದ ಹಾಗೆ ಇಡಿಯಾಗಿ ಬಿಚ್ಚಿ, ಬಟ್ಟೆ ಸುತ್ತಿ ಇಟ್ಟರು. ಹೊಸ ಮನೆಯ ನಡುಕೋಣೆಗೆ ಅದೇ ಚೌಕಟ್ಟಂತೆ.

18 ಎಂದು ಬರೆದ ಪಟ್ಟಿಯನ್ನು ಪಾರ್ಸಲ್ ಮಾಡಿದ್ದೇನೆ. ಕಳಿಸು ಅಂದದ್ದು ಅಪ್ಪ. ಯಾಕೆಂದು ಹೇಳಲಿಲ್ಲ.

ತಮ್ಮ


ಮೇ 19

ತಮ್ಮಾ,

ಏಪ್ರಿಲ್ ಹದಿನೈದರಿಂದ ಇವತ್ತಿನವರೆಗೆ ನಾನು ನಾನಾಗಿರಲಿಲ್ಲ. ನಿನ್ನ ಕಾಗದ ಓದಿದ ದಿನ ಆಫೀಸಿನಲ್ಲಿ ಒಬ್ಬರ ಮನೆಗೆ ಬಾಗಿಲನ್ನೇ ಬರೆಯದೆ ನಕ್ಷೆ ಮುಗಿಸಿ ಕೊಟ್ಟಿದ್ದೆ. ಅದನ್ನು ಕಂಡುಹಿಡಿದ ಯಜಮಾನರು ಬೈಯುವ ಬದಲು ಎರಡು ದಿನ ರಜೆ ಕೊಟ್ಟು ಕಳಿಸಿದರು. ನನ್ನ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲವಂತೆ. ಇರುತ್ತೇನೆ ಎಂದೆ.

ನಿಜ ಹೇಳುತ್ತೇನೆ. ಮೊದಲು ಬಂದದ್ದು ಕನಿಕರವಲ್ಲ, ಹೊಟ್ಟೆಯುರಿ. ಹದಿನಾರು ವರ್ಷ ಅಪ್ಪ ಆಕೆಯ ಎತ್ತರವನ್ನು ಕಂಕುಳಲ್ಲಿ ಇಟ್ಟುಕೊಂಡು ತಂದರು, ನನ್ನದನ್ನು ಚೌಕಟ್ಟಿನ ಮೇಲೆ ಗೀಚಿ ಬಿಟ್ಟರು ಎಂದು. ಈ ವಯಸ್ಸಿನಲ್ಲಿ ಹೀಗೆ ಉರಿಯುತ್ತದೆಯೇ ಎಂದು ನನಗೇ ದಿಗಿಲಾಯಿತು. ಆಮೇಲೆ ನಿನ್ನ ಕಾಗದದಲ್ಲಿ ಚೌಕಟ್ಟಿನ ಸುದ್ದಿ ಓದಿದೆ. ಅತ್ತೆ ಪಕ್ಕದಲ್ಲಿ ಕೂತು, "ಎದುರಿಗಿರೋ ಮಗೂಗೆ ಪಟ್ಟಿ ಯಾಕಮ್ಮಾ ಬೇಕು?" ಅಂದರು.

ನಮಗೆ ಬೇರೆ ಬಾಡಿಗೆ ಮನೆ ಸಿಕ್ಕಿದೆ. ಒಂಬತ್ತನೆಯದು. ನೆಲಮಹಡಿ, ಎರಡೇ ಮೆಟ್ಟಿಲು, ಕೋಣೆಗಳು ಬೆಂಕಿಪೊಟ್ಟಣದಷ್ಟು. ನಾನು ಆ ಅರ್ಧ ಮನೆಯನ್ನು ಎಷ್ಟು ಆಸೆಪಟ್ಟಿದ್ದೆ ಎಂದು ಬರೆದರೆ ಅಮ್ಮ ಇನ್ನೂ ನಾಲ್ಕು ದಿನ ಉಣ್ಣುವುದಿಲ್ಲ, ಅದಕ್ಕೇ ಬರೆಯುವುದಿಲ್ಲ. ನಿನ್ನ ಭಾಗ ನಿನಗೇ ಇರಲಿ, ದೊಡ್ಡಸ್ತಿಕೆ ತೋರಿಸಬೇಡ. ಹೋಗಲು ಜಾಗವಿಲ್ಲದವರು ಅವರು. ನನಗೆ ಇದೆ.

ಪಾರ್ಸಲ್ ನಿನ್ನೆ ಬಂತು. ಬಿಚ್ಚಿ, ಪಟ್ಟಿಯನ್ನು ನೆಲಕ್ಕೆ ನಿಲ್ಲಿಸಿ ಅದರ ಪಕ್ಕದಲ್ಲಿ ನಿಂತೆ. ನನ್ನ ಗದ್ದದವರೆಗೆ ಬಂತು. ಅಮ್ಮನ ಹಾಗೆಯೇ ನಾನೂ ಅದರ ತುದಿಯ ಮೇಲೆ ಕೈ ಇಟ್ಟೆ. ಇಟ್ಟ ಕೈ ತೆಗೆಯಲು ಆಗಲಿಲ್ಲ ತಮ್ಮಾ. ಹುಟ್ಟಿದಾಗಿನಿಂದ ಮನೆಯಲ್ಲಿ ನಾನೇ ದೊಡ್ಡವಳು ಎಂದು ಬೀಗಿದವಳು ನಾನು. ನನಗಿಂತ ಮೊದಲೇ ಒಬ್ಬಳು ಇಷ್ಟೆತ್ತರ ಬೆಳೆದು ನಿಂತಿದ್ದಳು.

ಹೊಸ ನಕ್ಷೆ ಇದರೊಂದಿಗಿದೆ. ಅಡುಗೆಕಟ್ಟೆ ಎರಡೂವರೆ ಅಡಿ. ಊರುಗೋಲು ಹಿಡಿದವರು ತಿರುಗಲು ಬಚ್ಚಲಲ್ಲಿ ಐದಡಿ ಜಾಗ ಬಿಟ್ಟಿದ್ದೇನೆ, ಬಾಗಿಲಿಗೆ ಅಪ್ಪ ಹೇಳಿದ ಮೂರೂವರೆ ಸರಿ, ತಿರುಗಲು ಅದು ಸಾಲದು, ಇದರಲ್ಲಿ ನಾನು ಹೇಳಿದ್ದೇ ನಡೆಯಬೇಕು. ನಡುಕೋಣೆಯ ಎರಡು ಬಾಗಿಲಿಗೂ ಚಿಲಕ ಒಳಗಡೆ ಮಾತ್ರ, ಅಮ್ಮನ ಕೈಗೆ ಸಿಗುವ ಹಾಗೆ. ಇಷ್ಟು ವರ್ಷ ಅವಳ ಮುಂದೆ ಬಾಗಿಲು ಹಾಕಿದವರು ಬೇರೆಯವರು, ಇನ್ನು ಹಾಕುವುದು ತೆಗೆಯುವುದು ಅವಳದೇ. ಆ ಚೌಕಟ್ಟು ನಿಲ್ಲಿಸಿದ ಮೇಲೆ ಉಳಿದ ಹದಿನೈದು ಪಟ್ಟಿಗಳನ್ನು ಒಂದೊಂದಾಗಿ ಹಿಡಿದು ನಮ್ಮ ಗೀಟುಗಳ ಪಕ್ಕ ಮೂರನೆಯ ಸಾಲು ಎಳೆ. ಹದಿನೆಂಟನೆಯದನ್ನು ನಾನು ಬರುವಾಗ ತರುತ್ತೇನೆ, ಕಂಕುಳಲ್ಲಿ ಇಟ್ಟುಕೊಂಡು.

ನಡುಕೋಣೆಯಲ್ಲಿ ಅಪ್ಪ ಅಮ್ಮನ ಮಂಚ ಬಿಟ್ಟು ಗೋಡೆಗೆ ಒತ್ತಿ ಇನ್ನೊಂದು ಮಂಚ ಹಿಡಿಯುತ್ತದೆ. ಅಳೆದು ನೋಡಿದ್ದೇನೆ. ಅದು ನಾನು ಬಂದಾಗ ಮಲಗಲು. ಆರೂಕಾಲು ಅಡಿ ಉದ್ದ ಮಾಡಲು ಅಪ್ಪನಿಗೆ ಹೇಳು. ಜೇಬಿನಲ್ಲಿರುವ ಆ ಕಾಗದ ನನಗೆ ವಾಪಸ್ಸು ಬೇಕು ಎಂದೂ ಹೇಳು. ಬಂದು ನಾನೇ ಕೇಳುತ್ತೇನೆ, ಕೊಡದಿದ್ದರೆ ಜೇಬಿಗೇ ಕೈ ಹಾಕುತ್ತೇನೆ.

ಬಲಭಾಗದ ಮೇಲೆ ಬರೆದದ್ದನ್ನು ಮಾತ್ರ ತಿದ್ದಿಲ್ಲ. ಹೊಸ ಹಾಳೆಯಲ್ಲೂ "ಅಕ್ಕನ ಮನೆ" ಎಂದೇ ಬರೆದಿದ್ದೇನೆ. ಅಪ್ಪ ಹೇಳಿದ ಹಾಗೆ ಅದು ಸರಿಯಾಗಿಯೇ ಇದೆ. ತಿದ್ದಬೇಕಾದ್ದು ಈ ಕಾಗದದ ಕೆಳಗಿನ ಹೆಸರನ್ನು.

ನಿನ್ನ
ಚಿಕ್ಕಕ್ಕ